ಸೂಕ್ಷ್ಮ ಗುರುತ್ವದಲ್ಲಿ ಜೀವಕೋಶಗಳ ಎಲೆಕ್ಟ್ರೊಫೊರೆಸಿಸ್: ಒಂದು ಮರುವಿಚಾರ

ಜೀವಕೋಶದ ಹೊರಮೈಯಲ್ಲಿ ಸಯಾಲಿಕ್ ಆಮ್ಲದಂಥ ಗುಂಪುಗಳಿರುವುದರಿಂದ ಅದು ಸಾಮಾನ್ಯವಾಗಿ ಋಣ ವಿದ್ಯುದಂಶ ಹೊತ್ತಿರುತ್ತದೆ. ವಿದ್ಯುತ್ ಕ್ಷೇತ್ರದಲ್ಲಿ ಅಂಥ ಕೋಶಗಳು ಧನಾಗ್ರದತ್ತ ಸಾಗುತ್ತವೆ; ಇದೇ ಎಲೆಕ್ಟ್ರೊಫೊರೆಸಿಸ್. ಹೊರಮೈ ಬೇರೆಯಾದರೆ ವೇಗವೂ ಬೇರೆ. ಈ ವ್ಯತ್ಯಾಸ ಹಿಡಿದು ಕೋಶಗಳನ್ನು ಜೀವಂತವಾಗಿ ವಿಂಗಡಿಸಲು ಗುರುತ್ವವೇ ಮುಖ್ಯ ಅಡ್ಡಿಯೆಂದು ಬಗೆದು 1970ರ ದಶಕದಲ್ಲಿ ಪ್ರಯೋಗಗಳನ್ನು ಬಾಹ್ಯಾಕಾಶಕ್ಕೆ ಒಯ್ಯಲಾಯಿತು. ಆ ಎಣಿಕೆಯನ್ನು ತಿದ್ದಿದ್ದೇ ಆ ಪ್ರಯೋಗಗಳ ದೊಡ್ಡ ಫಲವೆಂಬುದು ಈ ಲೇಖನದ ವಾದ.

ಗುರುತ್ವದ ಅಡ್ಡಿ ಎಷ್ಟು?

ನೀರಿನಂಥ ದ್ರವದಲ್ಲಿ, ಅದಕ್ಕಿಂತ ಶೇ. 6ರಷ್ಟು ಹೆಚ್ಚು ಸಾಂದ್ರವಾದ, 16 ಮೈಕ್ರೋಮೀಟರ್ ವ್ಯಾಸದ ಕೋಶಕ್ಕೆ ಸ್ಟೋಕ್ಸ್ ಸೂತ್ರ ಅನ್ವಯಿಸಿದರೆ, ಅದು ಸೆಕೆಂಡಿಗೆ ಸುಮಾರು 8 ಮೈಕ್ರೋಮೀಟರ್ ಕೆಳಗಿಳಿಯುತ್ತದೆ. ಶರೀರದ್ರವದಷ್ಟೇ ಲವಣವುಳ್ಳ ದ್ರಾವಣದಲ್ಲಿ, ಸೆಂಟಿಮೀಟರಿಗೆ 10 ವೋಲ್ಟ್ ಕ್ಷೇತ್ರವಿದ್ದಾಗ, ಮನುಷ್ಯನ ಕೆಂಪು ರಕ್ತಕಣ ಸೆಕೆಂಡಿಗೆ ಸಾಗುವುದು ಸುಮಾರು 11 ಮೈಕ್ರೋಮೀಟರ್. ದೊಡ್ಡ ಕೋಶಗಳೂ ಇದೇ ಆಸುಪಾಸಿನ ವೇಗದಲ್ಲಿ ಸಾಗುತ್ತವೆಂದಿಟ್ಟುಕೊಂಡರೆ, ಅವುಗಳ ಮಟ್ಟಿಗೆ ಇಳಿಯುವ ವೇಗವೂ ಸಾಗುವ ವೇಗವೂ ಹೆಚ್ಚುಕಡಿಮೆ ಸಮ. ಇದರ ಮೇಲೆ, ವಿದ್ಯುತ್ತಿನಿಂದ ಬಿಸಿಯಾದ ದ್ರವ ಮೇಲೆದ್ದು ಸುಳಿದು ಬೇರ್ಪಟ್ಟ ಪಟ್ಟಿಗಳನ್ನು ಕಲಸಿಬಿಡುತ್ತದೆ. ಹೀಗಾಗಿ ಭೂಮಿಯ ಮೇಲೆ ವಿಂಗಡಣೆ ನಡೆಯುವ ಪಾತ್ರೆಯ ದಪ್ಪವನ್ನೂ ಮಾದರಿಯ ಸಾಂದ್ರತೆಯನ್ನೂ ಕಡಿಮೆ ಇಡಬೇಕಾಗುತ್ತದೆ.

ಪ್ರಯೋಗಗಳು ತೋರಿದ್ದು

1972ರ ಅಪೊಲೊ 16ರಲ್ಲಿ ಪಾಲಿಸ್ಟೈರೀನ್ ಲೇಟೆಕ್ಸ್ ಕಣಗಳನ್ನು ಬಳಸಲಾಯಿತು. ಇಳಿತವೂ ಸುಳಿಯೂ ಇರಲಿಲ್ಲ. ಆದರೂ ಕಣಗಳ ಪಟ್ಟಿ ಬಂದೂಕಿನ ಗುಂಡಿನಂತೆ ಮೂತಿ ಚಾಚಿತು. ಕಾರಣ ನಳಿಕೆಯ ಗೋಡೆಯ ವಿದ್ಯುದಂಶ: ಗೋಡೆಯ ಬಳಿಯ ದ್ರವ ಒಂದು ಕಡೆಗೆ ಹರಿದರೆ, ಮುಚ್ಚಿದ ನಳಿಕೆಯ ನಡುವಿನ ದ್ರವ ಎದುರು ದಿಕ್ಕಿಗೆ ಮರಳುತ್ತದೆ. 1975ರ ಅಪೊಲೊ-ಸೊಯುಜ್ ಯಾನದ ಹೊತ್ತಿಗೆ ನಳಿಕೆಯ ಒಳಮೈಗೆ ಈ ಹರಿವನ್ನು ತಡೆಯುವ ಲೇಪ ಹಚ್ಚಲಾಗಿತ್ತು. ಅಲ್ಲಿ ವಿಂಗಡಿಸಿದ ಮಾನವ ಮೂತ್ರಪಿಂಡ ಕೋಶಗಳನ್ನು ಹೆಪ್ಪುಗಟ್ಟಿಸಿ ತಂದು ಬೆಳೆಸಿದಾಗ, ಕೆಲವು ಭಾಗಗಳು ರಕ್ತದ ಗಡ್ಡೆ ಕರಗಿಸಲು ನೆರವಾಗುವ ಯೂರೋಕೈನೇಸನ್ನು ಹೆಚ್ಚು ಉತ್ಪಾದಿಸಿದವು.

1983ರಲ್ಲಿ ಬಾಹ್ಯಾಕಾಶ ನೌಕೆಯ ಎಸ್‌ಟಿಎಸ್-8 ಯಾನದಲ್ಲಿ ಮ್ಯಾಕ್‌ಡೊನೆಲ್ ಡಗ್ಲಸ್ ಕಂಪನಿಯ ನಿರಂತರ ಹರಿವಿನ ಉಪಕರಣ ಮೂತ್ರಪಿಂಡ, ಪಿಟ್ಯುಟರಿ, ಮೇದೋಜೀರಕ ಗ್ರಂಥಿಗಳ ಜೀವಂತ ಕೋಶಗಳನ್ನು ವಿಂಗಡಿಸಿತು. ಮಾದರಿಯ ಮತ್ತು ಸುತ್ತಲ ದ್ರಾವಣದ ವಿದ್ಯುದ್ವಾಹಕತೆ ಹೊಂದದಿದ್ದರೆ ಕ್ಷೇತ್ರವೇ ಮಾದರಿಯ ಧಾರೆಯನ್ನು ವಿರೂಪಗೊಳಿಸುತ್ತದೆಂದು ನಾಸಾದ ಮಾರ್ಷಲ್ ಕೇಂದ್ರದ ಸಂಶೋಧಕರು ಮುಂದೆ ವಿವರಿಸಿದರು. ಈ ದೋಷಕ್ಕೂ ಗುರುತ್ವಕ್ಕೂ ಸಂಬಂಧವಿಲ್ಲ.

ನಿಷ್ಕರ್ಷೆ

ಮ್ಯಾಕ್‌ಡೊನೆಲ್ ಡಗ್ಲಸ್ ಬಾಹ್ಯಾಕಾಶದಲ್ಲಿ ಶುದ್ಧೀಕರಿಸಲು ಹೊರಟ ಎರಿಥ್ರೊಪೊಯೆಟಿನ್ ಹಾರ್ಮೋನು, ಜೀನ್ ತಂತ್ರಜ್ಞಾನದಿಂದ ತಯಾರಾಗಿ 1989ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಮಾನ್ಯತೆ ಪಡೆಯಿತು. ವ್ಯಾಪಾರದ ಲೆಕ್ಕ ಅಲ್ಲಿಗೆ ತಲೆಕೆಳಗಾಯಿತು. ಆದರೆ ಗೋಡೆಯ ಹರಿವು, ವಾಹಕತೆಯ ಅಂತರ, ಗುರುತ್ವ ಇವು ಮೂರು ಬೇರೆ ಬೇರೆ ಅಡ್ಡಿಗಳೆಂಬ ಅರಿವು ಉಳಿದಿದೆ. ಮೊದಲೆರಡನ್ನು ಭೂಮಿಯ ಮೇಲೆಯೇ ನಿಯಂತ್ರಿಸಿ, ಅನಂತರ ದೊರೆತ ಸುಧಾರಣೆಯನ್ನು ಮಾತ್ರ ಸೂಕ್ಷ್ಮ ಗುರುತ್ವದ ಲೆಕ್ಕಕ್ಕೆ ಹಾಕಬೇಕು. ಮುಂದಿನ ಪ್ರಯೋಗಗಳ ಮೌಲ್ಯಮಾಪನಕ್ಕೆ ಇದೇ ಅಳತೆಗೋಲಾಗಬೇಕು.