ವಾತಕಂಟಕ ಶಬ್ದವಿಚಾರ

ವಿಜಯಪುರ, ಬಬಲೇಶ್ವರ, ತಿಕೋಟ ಈ ಸೀಮೆಯಲ್ಲಿ, ಬೆಳಗ್ಗೆ ಹಾಸಿಗೆಯಿಂದೆದ್ದು ನೆಲಕ್ಕೆ ಕಾಲೂರಿದೊಡನೆ ಹಿಂಬಡದಲ್ಲಿ ಮುಳ್ಳು ನಟ್ಟಂತಾಗುವುದೆಂದು ಹೇಳುವ ರೋಗಿಯು ಎರಡು ಬಗೆಯ ವೈದ್ಯರಲ್ಲಿಗೆ ಹೋಗಬಹುದು. ವಚನಸಂಶೋಧಕರಾದ ಫ. ಗು. ಹಳಕಟ್ಟಿಯವರು ೧೯೧೦ರಲ್ಲಿ ನೆಲೆಗೊಳಿಸಿದ ಬಿ. ಎಲ್. ಡಿ. ಈ. ಸಂಸ್ಥೆಯ ಆಶ್ರಯದಲ್ಲಿಯೇ ವಿಜಯಪುರ ನಗರದಲ್ಲಿ ಆಯುರ್ವೇದ ಮಹಾವಿದ್ಯಾಲಯವೂ, ೧೯೮೬ರಲ್ಲಿ ಆರಂಭವಾದ ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಮಹಾವಿದ್ಯಾಲಯವೂ ಇರುತ್ತವೆ. ಒಂದು ಶಾಸ್ತ್ರದವರು ಈ ವ್ಯಾಧಿಯನ್ನು ವಾತಕಂಟಕವೆನ್ನುವರು. ಇನ್ನೊಂದು ಶಾಸ್ತ್ರದವರು ಪ್ಲಾಂಟರ್ ಫ್ಯಾಶಿಯೈಟಿಸ್ ಎನ್ನುವರು. ಇವೆರಡೂ ಒಂದೇ ಎಂಬ ಸಮೀಕರಣವು ಆಯುರ್ವೇದ ವಿದ್ಯಾರ್ಥಿಗಳ ಈಚಿನ ಪ್ರೌಢಪ್ರಬಂಧಗಳಲ್ಲಿ ಸಿದ್ಧವಸ್ತುವಿನಂತೆ ಬಳಕೆಯಾಗುತ್ತಲಿದೆ. ಅದು ಎಷ್ಟರ ಮಟ್ಟಿಗೆ ಸಾಧುವೆಂಬುದನ್ನು ಮೂಲಗ್ರಂಥಗಳಿಂದ ನಿರ್ಣಯಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಚರಕನು ಸೂತ್ರಸ್ಥಾನದ ೨೦ನೆಯ ಅಧ್ಯಾಯದಲ್ಲಿ ಎಂಬತ್ತು ವಾತವಿಕಾರಗಳನ್ನು ಎಣಿಸುವಾಗ ಪಾದಶೂಲ, ವಾತಖುಡ್ಡತಾ, ಗುಲ್ಫಗ್ರಹಗಳನ್ನು ಬೇರೆಬೇರೆಯಾಗಿ ಹೇಳಿರುವನು. ವಾತಕಂಟಕವೆಂಬ ಹೆಸರು ಆ ಪಟ್ಟಿಯಲ್ಲಿಲ್ಲ. ಅದು ಸುಶ್ರುತನ ನಿದಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಬರುತ್ತದೆ. ಕಾಲನ್ನು ವಿಷಮವಾಗಿ ಇಟ್ಟಾಗ ವಾಯುವು ಖುಡಕವನ್ನು ಆಶ್ರಯಿಸಿ ನೋವನ್ನುಂಟುಮಾಡುವುದೆಂದು ಆತನ ಅಭಿಪ್ರಾಯ. ಖುಡಕ, ಖಡುಕ ಎಂದು ಪಾಠಭೇದವೂ ಉಂಟು. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಈ ಸಂದಿಗ್ಧ ಶಬ್ದವನ್ನು ಬಿಟ್ಟು ಗುಲ್ಫವೆಂದು ಸ್ಪಷ್ಟಪಡಿಸಿದನು. ಅದಲ್ಲದೆ ವಿಷಮಪಾದನ್ಯಾಸದ ಜೊತೆಗೆ ಶ್ರಮವನ್ನೂ ಕಾರಣವಾಗಿ ಸೇರಿಸಿದನು.

ಗುಲ್ಫವೆಂದರೆ ಕಾಲಿನ ಹರಡು. ಹಿಮ್ಮಡಿಗೆ ಸಂಸ್ಕೃತದಲ್ಲಿ ಪಾರ್ಷ್ಣಿಯೆಂದು ಹೆಸರು. ಪ್ರಾಚೀನರು ಇವೆರಡನ್ನೂ ಬೆರೆಸಿ ನುಡಿದಿರಬಹುದೆಂದು ಸಮಾಧಾನ ಹೇಳುವವರುಂಟು. ಆದರೆ ಚರಕನು ಶಾರೀರಸ್ಥಾನದಲ್ಲಿ ಅಸ್ಥಿಗಳನ್ನು ಎಣಿಸುವಾಗ ಪಾರ್ಷ್ಣಿಗಳಿಗೆ ಎರಡು, ಗುಲ್ಫಗಳಿಗೆ ನಾಲ್ಕು ಎಂದು ವಿಂಗಡಿಸಿರುವನು. ಸುಶ್ರುತನಂತೂ ವಾತಕಂಟಕವನ್ನು ಹೇಳಿದ ಅಧ್ಯಾಯದಲ್ಲಿಯೇ, ಗೃಧ್ರಸಿಯನ್ನು ವರ್ಣಿಸುವಲ್ಲಿ, ಪಾರ್ಷ್ಣಿಯನ್ನೂ ಅಲ್ಲಿಯ ಕಂಡರವನ್ನೂ ಹೆಸರಿಸಿರುವನು. ಹಿಮ್ಮಡಿಯನ್ನು ಹೇಳಬೇಕೆಂಬಲ್ಲಿ ಹೇಳಲು ಬಲ್ಲವನು ಇಲ್ಲಿ ಬೇರೊಂದು ಶಬ್ದವನ್ನು ಆರಿಸಿಕೊಂಡದ್ದು ಆಕಸ್ಮಿಕವೆನ್ನಲು ನನ್ನ ಮನಸ್ಸು ಒಪ್ಪದು. ಸುಶ್ರುತನ ಲಕ್ಷಣವು, ಓರೆಯಾಗಿ ಕಾಲಿಟ್ಟು ಹರಡು ಉಳುಕಿದವನಿಗೇ ಹೆಚ್ಚು ಸಲ್ಲುತ್ತದೆ. ವಾಗ್ಭಟನ ಶ್ರಮಕಾರಣವು ಮಾತ್ರ ದಿನವಿಡೀ ನಿಂತು ದುಡಿಯುವವರ ಹಿಮ್ಮಡಿನೋವಿಗೆ ಹತ್ತಿರ ಬರುವುದು. ಬೆಳಗಿನ ಮೊದಲ ಹೆಜ್ಜೆಯ ನೋವು ಇಂದಿನ ರೋಗನಿರ್ಣಯದ ಮುಖ್ಯ ಕುರುಹು. ಅದನ್ನು ಇಬ್ಬರೂ ಹೇಳಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ಗ್ರಂಥಗಳು ಸ್ಪಷ್ಟವಾಗಿವೆ. ಹೆಬ್ಬೆರಳಿಗೂ ಅದರ ನೆರೆಯ ಬೆರಳಿಗೂ ನಡುವೆ ಇರುವ ಕ್ಷಿಪ್ರಮರ್ಮದಿಂದ ಎರಡಂಗುಲ ಮೇಲೆ ವ್ರೀಹಿಮುಖವೆಂಬ ಶಸ್ತ್ರದಿಂದ ಸಿರೆಯನ್ನು ಚುಚ್ಚಬೇಕೆಂದು ಸುಶ್ರುತನು ವಿಧಿಸಿದನು. ಹನ್ನೊಂದನೆಯ ಶತಮಾನದ ಚಕ್ರದತ್ತನು ಮೇಲಿಂದ ಮೇಲೆ ರಕ್ತಮೋಕ್ಷಣ, ಹರಳೆಣ್ಣೆಯ ಪಾನ, ಸೂಜಿಗಳಿಂದ ಸುಡುವುದು ಎಂಬ ಮೂರನ್ನು ಹೇಳಿದನು. ಇಂದಿನ ಅಗ್ನಿಕರ್ಮದಲ್ಲಿ ಸೂಜಿಯ ಬದಲಿಗೆ ಪಂಚಧಾತುವಿನ ಶಲಾಕೆಯೂ ಬಳಕೆಗೆ ಬಂದಿರುವುದು. ಗ್ರಂಥವನ್ನು ಪ್ರಮಾಣವೆನ್ನುವ ಪ್ರಬಂಧಗಳು ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಬೇಕಷ್ಟೆ.

ಇನ್ನು ಪಾಶ್ಚಾತ್ಯ ನಾಮದ ಇತಿಹಾಸವನ್ನು ನೋಡಿದರೆ ಅಲ್ಲಿಯೂ ಶಬ್ದವು ಚಿಕಿತ್ಸೆಯನ್ನು ಎಳೆದುಕೊಂಡು ಹೋದದ್ದು ಕಾಣುತ್ತದೆ. ೧೮೯೫ರಲ್ಲಿ ರಾಂಟ್‌ಗೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಬಳಿಕ ಹಿಮ್ಮಡಿಯ ಎಲುಬಿನಲ್ಲಿ ಮುಳ್ಳಿನಂತಹ ಮೊನೆಯು ಚಿತ್ರದಲ್ಲಿ ಕಾಣಿಸಿತು. ೧೯೦೦ರಲ್ಲಿ ಪ್ಲೆಟ್ನರ್ ಎಂಬವನು ಅದನ್ನು ಹಿಮ್ಮಡಿಯ ಮುಳ್ಳೆಂದು ಕರೆದನು. ಮುಳ್ಳೆಂದ ಮೇಲೆ ಕಿತ್ತುಹಾಕುವ ಶಸ್ತ್ರಚಿಕಿತ್ಸೆ ಬಂದಿತು. ಆದರೆ ನೋವಿಲ್ಲದ ಅನೇಕರಲ್ಲಿಯೂ ಆ ಮೊನೆ ಇರುವುದೆಂದು ಮುಂದೆ ತಿಳಿಯಿತು. ಅನಂತರ ರೂಢವಾದ ಫ್ಯಾಶಿಯೈಟಿಸ್ ಎಂಬ ಹೆಸರಿಗೆ ಅಂಗಾಲಿನ ತಂತುಪಟ್ಟಿಯ ಉರಿಯೂತವೆಂದು ಅರ್ಥ. ಉರಿಯೂತವೆಂದ ಮೇಲೆ ಅದನ್ನಡಗಿಸುವ ಸ್ಟೆರಾಯ್ಡ್ ಚುಚ್ಚುಮದ್ದು ಬಂದಿತು. ೨೦೦೩ರಲ್ಲಿ ಅಮೇರಿಕೆಯ ಲೆಮಾಂಟ್ ಮೊದಲಾದವರು ೫೦ ಪ್ರಕರಣಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ದೊರೆತ ಧಾತುವನ್ನು ಪರೀಕ್ಷಿಸಿ, ಅಲ್ಲಿ ಕಂಡದ್ದು ತಂತುಗಳ ಜೀರ್ಣಾವಸ್ಥೆಯೇ ಹೊರತು ಉರಿಯೂತವಲ್ಲವೆಂದು ಸಾರಿದರು. ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಚುಚ್ಚುಮದ್ದಿನ ಫಲವನ್ನು ೨೦೧೭ರ ಕಾಕ್ರೇನ್ ಸಮೀಕ್ಷೆಯು ೩೯ ಅಧ್ಯಯನಗಳ ೨೪೯೨ ರೋಗಿಗಳಲ್ಲಿ ತೂಗಿ ನೋಡಿತು: ಒಂದು ತಿಂಗಳವರೆಗೆ ನೋವು ತುಸು ತಗ್ಗಬಹುದು, ಆಮೇಲೆ ವಿಶೇಷವಿಲ್ಲ ಎಂಬುದು ಅದರ ತೀರ್ಮಾನ. ಅತ್ತ ೨೦೦೩ರಲ್ಲಿ ಡಿಜೊವಾನಿ ಮತ್ತು ಸಂಗಡಿಗರು ೧೦೧ ರೋಗಿಗಳಲ್ಲಿ, ಕಾಲ್ಬೆರಳುಗಳನ್ನು ಹಿಂದಕ್ಕೆ ಬಗ್ಗಿಸಿ ತಂತುಪಟ್ಟಿಯನ್ನೇ ಸೆಳೆಯುವ ವ್ಯಾಯಾಮವು ಹಿಮ್ಮಡಿಯ ಮೇಲಣ ಕಂಡರವನ್ನು ಸೆಳೆಯುವುದಕ್ಕಿಂತ ಮೇಲೆಂದು ಕಂಡುಕೊಂಡರು. ೨೦೧೫ರಲ್ಲಿ ಡೆನ್ಮಾರ್ಕಿನ ರಾಥ್ಲೆಫ್ ಮೊದಲಾದವರು ೪೮ ರೋಗಿಗಳಲ್ಲಿ ಭಾರ ಹೊತ್ತು ಹಿಮ್ಮಡಿಯನ್ನೆತ್ತುವ ವ್ಯಾಯಾಮವನ್ನು ಪರೀಕ್ಷಿಸಿದರು. ಮೂರು ತಿಂಗಳಿಗೆ ಅದು ಮೇಲಾಯಿತು, ವರ್ಷ ತುಂಬುವಲ್ಲಿ ಎರಡು ಗುಂಪುಗಳೂ ಸಮವಾದವು. ಈ ಕೊನೆಯ ಮಾತು ನಮ್ಮವರಿಗೆ ಬಹಳ ಮುಖ್ಯವಾದುದು. ತಿಂಗಳುಗಳು ಕಳೆದಂತೆ ಬಹುಮಂದಿಯಲ್ಲಿ ತಗ್ಗುವ ನೋವನ್ನು, ಹೋಲಿಕೆಯ ಗುಂಪಿಲ್ಲದೆ ಪರೀಕ್ಷಿಸಿ, ಗುಣವಾದುದೆಲ್ಲ ಅಗ್ನಿಯಿಂದಲೇ ಆಯಿತೆಂದರೆ ನೈಯಾಯಿಕರು ನಗುವರು.

ಹೀಗಿರಲಾಗಿ, ಬೆಳಗಿನ ಮೊದಲ ಹೆಜ್ಜೆಯ ನೋವನ್ನು ಗುರುತಾಗಿಟ್ಟು ರೋಗಿಗಳನ್ನು ಆರಿಸಿ, ಅವರಿಗೆ ವಾತಕಂಟಕವೆಂಬ ಹೆಸರಿಟ್ಟು ಶಲಾಕೆಯಿಂದ ಸುಟ್ಟರೆ, ಶಲಾಕೆಯ ಗುಣದೋಷವು ತಿಳಿಯಬಹುದು. ಅದು ರೋಗಿಗೆ ಉಪಯುಕ್ತವೂ ಹೌದು. ಸುಶ್ರುತನ ವಾಕ್ಯವು ಪರೀಕ್ಷಿತವಾಯಿತೆನ್ನಲಾಗದು. ತಂತುಪಟ್ಟಿಗೆ ಶಾಸ್ತ್ರದಲ್ಲಿ ನೆಲೆಯನ್ನು ಹುಡುಕುವವರು ಸ್ನಾಯುಪ್ರಕರಣವನ್ನು ಏಕೆ ನೋಡಲೊಲ್ಲರೋ ತಿಳಿಯದು. ಹಲಗೆಗಳನ್ನು ಕಟ್ಟುಗಳಿಂದ ಬಿಗಿದ ನಾವೆಯು ನೀರಿನಲ್ಲಿ ಭಾರವನ್ನು ತಾಳುವಂತೆ, ಸ್ನಾಯುಬಂಧದಿಂದ ಮನುಷ್ಯದೇಹವು ಭಾರವನ್ನು ತಾಳುವುದೆಂದು ಸುಶ್ರುತನು ಶಾರೀರಸ್ಥಾನದಲ್ಲಿ ವಿವರಿಸಿರುವನು. ಅಂಗಾಲಿನ ಕಮಾನನ್ನು ಬಿಗಿದಿರುವ ಪಟ್ಟಿಗೆ ಇದಕ್ಕಿಂತ ಒಪ್ಪುವ ಉಪಮಾನ ದೊರೆಯಲಾರದು. ಸ್ನಾಯುಗತ ವಾತಕ್ಕೆ ಆತನು ಹೇಳಿದ ಉಪಕ್ರಮಗಳೂ ಐದು: ಸ್ನೇಹ, ಉಪನಾಹ, ಅಗ್ನಿಕರ್ಮ, ಬಂಧನ, ಉನ್ಮರ್ದನ. ಇವುಗಳಲ್ಲಿ ಅಗ್ನಿಕರ್ಮವೊಂದನ್ನೇ ಎತ್ತಿಕೊಂಡು, ಕಟ್ಟುವುದನ್ನೂ ತಿಕ್ಕುವುದನ್ನೂ ಕೈಬಿಡುವುದಕ್ಕೆ ಆಧಾರವು ಮೂಲದಲ್ಲಿ ಕಾಣುವುದಿಲ್ಲ.