ಒಂದೆಲಗ: ಹಬ್ಬುವ ಸೊಪ್ಪು, ನಿಲ್ಲುವ ನೀರು

ಒಂದೆಲಗವು ಕೊತ್ತಂಬರಿಯ ಕುಟುಂಬಕ್ಕೆ ಸೇರಿದ, ನೆಲದ ಮೇಲೆ ಹಬ್ಬುವ ಸಸ್ಯ, ತುಳುವಿನಲ್ಲಿ ತಿಮರೆ. ಇದನ್ನು ಬ್ರಾಹ್ಮಿ ಎಂದೂ ಕರೆಯುವುದುಂಟು, ಆದರೆ ನೀರುಬ್ರಾಹ್ಮಿ ಬೇರೆಯೇ ಸಸ್ಯ. ತಂಬುಳಿಯ ಆಸೆಗೆ ಕರಾಮದ ಬಾಲ್ಕನಿಗಳಲ್ಲಿಯೂ ಇದನ್ನು ಬೆಳೆಸಬಹುದು.

ಇದರ ಬಳ್ಳಿಯ ಗೆಣ್ಣುಗಳು ತೇವದ ಮಣ್ಣು ತಾಗಿದಲ್ಲೆಲ್ಲ ಬೇರುಬಿಟ್ಟು ಹೊಸ ಗಿಡಗಳಾಗುತ್ತವೆ. ಕಿತ್ತೆಸೆದರೂ ಬೇರುಸಹಿತ ಒಂದು ಗೆಣ್ಣು ಉಳಿದರೆ ಸಾಕು, ಮತ್ತೆ ಹಬ್ಬುತ್ತದೆ. ಆದ್ದರಿಂದ ತುಳಸಿ, ಕರಿಬೇವುಗಳ ಜೊತೆಗೆ ನೆಡದೆ, ಅಗಲವಾದ ಪ್ರತ್ಯೇಕ ಕುಂಡದಲ್ಲಿ ನೆಡಬೇಕು. ಅಂಚು ದಾಟಿದ ಕುಡಿಗಳನ್ನು ವಾರಕ್ಕೊಮ್ಮೆ ಕತ್ತರಿಸಬೇಕು. ಬೇಸಿಗೆಯಲ್ಲಿ ನೆರಳು ಅನಿವಾರ್ಯ.

ವೈದ್ಯನಾಗಿ ನಾನು ಹೆಚ್ಚು ಚಿಂತಿಸುವುದು ಬಳ್ಳಿಯ ಬಗ್ಗೆಯಲ್ಲ, ಕುಂಡದಡಿಯ ತಟ್ಟೆಯ ಬಗ್ಗೆ. ಒಂದೆಲಗಕ್ಕೆ ಸದಾ ತೇವ ಬೇಕು. ತಟ್ಟೆಯಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೂ ಬೇಕು. 2024ರ ಏಪ್ರಿಲ್ ಮಳೆಯ ನಂತರ ಇಲ್ಲಿ ಡೆಂಗಿ ಪ್ರಕರಣಗಳು ಹೆಚ್ಚಿದ್ದವು. ಈಡಿಸ್ ಮೊಟ್ಟೆಗಳು ಒಣಗಿದ ತಟ್ಟೆಗಂಟಿಕೊಂಡೇ ತಿಂಗಳುಗಟ್ಟಲೆ ಬದುಕಬಲ್ಲವು. ನೀರು ಚೆಲ್ಲಿದರಷ್ಟೇ ಸಾಲದು. ವಾರಕ್ಕೊಮ್ಮೆ ತಟ್ಟೆಯನ್ನು ಉಜ್ಜಿ ತೊಳೆಯಬೇಕು.

ಅಡುಗೆಯ ಪ್ರಮಾಣದಲ್ಲಿ ಈ ಸೊಪ್ಪು ಸಾಮಾನ್ಯವಾಗಿ ನಿರಪಾಯ. ಆದರೆ ನೆನಪಿನ ಶಕ್ತಿಗೆಂದು ಇದರ ಸಾರದ ಮಾತ್ರೆಗಳನ್ನು ದೀರ್ಘಕಾಲ ಸೇವಿಸುವುದು ಬೇರೆ ಮಾತು. ಅಪರೂಪಕ್ಕೆ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಯಕೃತ್ತಿನ ರೋಗವುಳ್ಳವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅವನ್ನು ಸೇವಿಸಬಾರದು.