ಬೀಡು, ಕಡವು, ಕಾಲುವೆ: ತುಂಗಭದ್ರೆಯ ತೀರದ ವಿಹಾರಕ್ರಮವನ್ನು ಕುರಿತು ಒಂದು ವಿಚಾರ

ಎತ್ತುಗಳ ಕೊರಳಿನಿಂದ ನೊಗವಿಳಿಸಿ ಬಂಡಿ ಬಿಟ್ಟ ತಾಣವೇ ಬಿಡಾರವೆಂಬ ಹಳೆಯ ಭಾವನೆ ನಮ್ಮ ಭಾಷೆಯಲ್ಲಿ ಇನ್ನೂ ಅಳಿದಿಲ್ಲ. 'ಬಿಡು' ಧಾತುವಿನ ಬಳಗಕ್ಕೆ ಸೇರಿದ 'ಬೀಡು' ಶಾಸನಗಳಲ್ಲಿ 'ನೆಲೆವೀಡು' ಎನಿಸಿ ಅರಸರ ವಸತಿಯನ್ನು ಸೂಚಿಸಿದರೆ, 'ಬಿಡದಿ'ಯಾಗಿ ಮದುವೆಗೆ ಬಂದ ಬೀಗರ ತಂಗುದಾಣವನ್ನು ಹೇಳುತ್ತದೆ. ಬೆಳಗ್ಗೆ ಹೊರಟು ಬೈಗಿಗೆ ಮರಳತಕ್ಕ ನೆಲೆಯೆಂಬ ಅರ್ಥವು ಇವೆಲ್ಲಕ್ಕೂ ಸಮಾನ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ನಡುವಣ ಭೂಭಾಗದಲ್ಲಿ ವಿಹಾರಾರ್ಥಿಯ ನೋಟವು ಅವನ ಬಿಡಾರದ ಸ್ಥಾನವನ್ನೇ ಅವಲಂಬಿಸಿದೆಯೆಂದೂ, ಆ ಸ್ಥಾನವನ್ನು ನಿರ್ಣಯಿಸಿದ್ದು ದೇಗುಲಗಳಿಗಿಂತ ಹೆಚ್ಚಾಗಿ ನೀರೇ ಎಂದೂ ತೋರಿಸುವುದು ಈ ಲೇಖನದ ಉದ್ದೇಶ.

ಕಂಪ್ಲಿಯಿಂದಲೇ ಆರಂಭಿಸುವುದು ಯುಕ್ತ. ಹನ್ನೊಂದನೆಯ ಶತಮಾನದ ಚೋಳಶಾಸನಗಳು ಚಾಳುಕ್ಯರ ಕಂಪಿಲಿಯ ಅರಮನೆಯನ್ನು ತಮ್ಮ ದೊರೆ ಕೆಡವಿದನೆಂದು ಹೆಮ್ಮೆಯಿಂದ ಸಾರುತ್ತವೆ. ವಿಜಯನಗರ ಹುಟ್ಟುವುದಕ್ಕೆ ಮೂರು ಶತಮಾನ ಮುಂಚೆಯೇ ಈ ಹೊಳೆಯ ದಂಡೆ ರಾಜಯೋಗ್ಯವಾದ ಬೀಡಾಗಿತ್ತೆಂಬುದಕ್ಕೆ ಶತ್ರುವಿನ ಈ ಮಾತಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೊಳೆಯನ್ನು ದಾಟುವ ಬಗೆಯನ್ನು ಪೋರ್ಚುಗೀಸ ಪ್ರವಾಸಿ ದೊಮಿಂಗೊ ಪಾಯಸ್ ಸುಮಾರು 1520ರಲ್ಲಿ ಕಂಡು ಬರೆದಿದ್ದಾನೆ. ಬುಟ್ಟಿಯಂತೆ ದುಂಡಗಿದ್ದು, ಒಳಗೆ ಬೆತ್ತದ ಹೆಣಿಗೆಯೂ ಹೊರಗೆ ತೊಗಲಿನ ಹೊದಿಕೆಯೂ ಉಳ್ಳ ಆ ದೋಣಿಗಳು ಹದಿನೈದು ಇಪ್ಪತ್ತು ಮಂದಿಯನ್ನು ಹೊರುತ್ತಿದ್ದುವೆಂದೂ, ನೇರವಾಗಿ ಸಾಗಲಾರದೆ ಸದಾ ತಿರುಗುತ್ತಿದ್ದುವೆಂದೂ ಅವನ ವರ್ಣನೆ. ಇಂದಿನ ಹರಿಗೋಲನ್ನು ತಳವಾರಘಟ್ಟದಲ್ಲಿಯೋ ಆನೆಗೊಂದಿಯ ಕಡವಿನಲ್ಲಿಯೋ ಹತ್ತಿರದಿಂದ ನೋಡಿದವರಿಗೆ ಐನೂರು ವರ್ಷಗಳಲ್ಲಿ ಬದಲಾದುದು ಚರ್ಮವಷ್ಟೇ ಎಂದು ತಿಳಿಯುತ್ತದೆ. ತೊಗಲಿದ್ದ ಕಡೆ ಈಗ ಪ್ಲಾಸ್ಟಿಕ್ ಚೀಲದ ಹೊದಿಕೆ, ಅದರ ಮೇಲೆ ಡಾಂಬರು. ದಡದಲ್ಲಿ ಮಗುಚಿ ಹಾಕಿದ ಹರಿಗೋಲಿನ ಬೆನ್ನು ಬಿಸಿಲಿಗೆ ಮೆತ್ತಗಾಗಿ ಅಂಗೈಗೆ ಕರಿ ಹತ್ತುತ್ತದೆ. ನೀರಿಗಿಳಿಸಿದುದರ ಒಳಗಡೆ ಬಿದಿರದಬ್ಬೆಗಳ ನಡುವೆ ಬೆರಳುದ್ದ ನೀರು ನಿಂತಿರುತ್ತದೆ. "ಅಂಚಿನ್ಯಾಗ ಕಾಲಿಡಬ್ಯಾಡ್ರಿ, ನಡುವ ಕುಂದರ್ರಿ" ಎಂಬ ಅಂಬಿಗನ ಎಚ್ಚರಿಕೆಯಲ್ಲಿ ಈ ನಾವೆಯ ಶಾಸ್ತ್ರವೆಲ್ಲ ಅಡಗಿದೆ. ತಲೆ, ಬಾಲ, ಬೆನ್ನೆಲುಬುಗಳಿಲ್ಲದ ಕಾರಣ ಅದು ತಿರುಗುತ್ತದೆ. ಅದೇ ಕಾರಣದಿಂದಲೇ ಬಂಡೆಗಳಿಂದ ಇಡಿಕಿರಿದ ಈ ಪಾತ್ರದಲ್ಲಿ, ಮೊಣಕಾಲುದ್ದದ ನೀರಿನಲ್ಲಿಯೂ, ಜಾರಿ ಪಾರಾಗುತ್ತದೆ.

ತಳವಾರಘಟ್ಟದಿಂದ ಆನೆಗೊಂದಿಗೆ ಸೇತುವೆ ಕಟ್ಟಲು ಹೊರಟುದರ ಪರಿಣಾಮವಾಗಿ, 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದ ಹಂಪಿ 1999ರಿಂದ 2006ರವರೆಗೆ ಅಪಾಯಗ್ರಸ್ತ ತಾಣಗಳ ಪಟ್ಟಿಯಲ್ಲಿ ನಿಲ್ಲಬೇಕಾಯಿತು. ಪೂರ್ಣವಾಗದ ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಬಿದ್ದಿತು. ಈಗ ಬುಕ್ಕಸಾಗರ ಮತ್ತು ಕಡೇಬಾಗಿಲುಗಳ ನಡುವೆ ಬೇರೊಂದು ಸೇತುವೆಯಿದೆ. ಬಂಡಿಗಳು ಅತ್ತ ಹೋದ ಮೇಲೆ, ಊರವರ ಅವಶ್ಯಕತೆಯಾಗಿದ್ದ ಹರಿಗೋಲು ಪರವೂರವರ ವಿನೋದವಾಗಿದೆ. ಇದನ್ನು ಕೇವಲ ಅವನತಿಯೆಂದು ನಾನು ಎಣಿಸೆನು. ಹೆಣೆಯುವ ಕೈ ಮರೆತಿಲ್ಲವಲ್ಲ.

ಆಂಗ್ಲರ ಬಿಡಾರಗಳು ಬೇರೊಂದು ಮನೋಧರ್ಮವನ್ನು ತೋರುತ್ತವೆ. ಕಮಲಾಪುರದಲ್ಲಿ ಅವರು ಹಳೆಯ ಶಿವಾಲಯವೊಂದನ್ನೇ ಪ್ರವಾಸಿ ಬಂಗಲೆಯಾಗಿ ಮಾರ್ಪಡಿಸಿದರು. ಗರ್ಭಗೃಹದ ಪಕ್ಕದಲ್ಲಿ ಮಂಚ ಹಾಕಿ ಮಲಗಿ, ಬೆಳಗ್ಗೆದ್ದು ದೇವಾಲಯಗಳನ್ನು ನೋಡಹೊರಟ ಆ ಅತಿಥಿಗಳಿಗೆ ಇದರ ವಿನೋದ ಹೊಳೆಯಿತೋ ಇಲ್ಲವೋ! ಬಳ್ಳಾರಿಯ ಸೈನಿಕರಿಗಾಗಿ ಸಂಡೂರಿನ ಬೆಟ್ಟಸಾಲಿನ ರಾಮನದುರ್ಗದಲ್ಲಿ 1846ರಲ್ಲಿ ತೆರೆದ ಆರೋಗ್ಯಧಾಮವಂತೂ ಬಯಲಿನ ಬೇಗೆಯನ್ನು ಮರೆಯುವುದಕ್ಕೆಂದೇ ಮೂರು ಸಾವಿರ ಅಡಿಗೂ ಎತ್ತರದಲ್ಲಿ ಕಟ್ಟಿದುದು. ಅದೇ ಸಂಡೂರನ್ನು 1934ರಲ್ಲಿ ಕಂಡ ಗಾಂಧೀಜಿ ಮೆಚ್ಚಿದುದನ್ನು ಊರವರು ಇಂದಿಗೂ ನೆನೆಯುತ್ತಾರೆ. ನಾರಿಹಳ್ಳವು ಗುಡ್ಡವನ್ನು ಸೀಳಿ ಹರಿಯುವ ಗಂಡಿಗಳೂ ಕುಮಾರಸ್ವಾಮಿ ಬೆಟ್ಟದ ಕಾಡೂ ಮಳೆ ಬಿದ್ದೊಡನೆ ಹಸುರಾಗುತ್ತವೆ, ಆದರೆ ಅದಿರಿನ ಲಾರಿಗಳ ಕೆಂದೂಳು ಹಾದಿಬದಿಯ ಎಲೆಗಳನ್ನು ಬಿಟ್ಟಿಲ್ಲ.

ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯಲ್ಲಿ ಗದ್ದೆಗಳ ನಡುವೆ ಎದ್ದ ರೆಸಾರ್ಟುಗಳು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2020ರಲ್ಲಿ ನೆಲಸಮವಾದುವು. ಅವುಗಳ ದೋಷ ಕಾನೂನಿನದು ಮಾತ್ರವಲ್ಲವೆಂದು ನನ್ನ ಮತ. ಬಿಡಾರವೇ ನೋಟವಾದಾಗ ಹೊರಡುವ ಅಗತ್ಯ ಉಳಿಯುವುದಿಲ್ಲ.

ಹೊರಡುವವರಿಗಾದರೋ ಕಾಲುವೆಯ ಏರಿಯಂಥ ಹಾದಿ ಇನ್ನೊಂದಿಲ್ಲ. ವಿಜಯನಗರದ ಕಾಲದಿಂದ ಇಂದಿನವರೆಗೂ ಗದ್ದೆಗಳಿಗೆ ನೀರುಣಿಸುತ್ತಿರುವ ತುರ್ತು ಕಾಲುವೆ, ನೀರಿನ ಸ್ವಭಾವಕ್ಕೆ ಅನುಗುಣವಾಗಿ, ಅತ್ಯಲ್ಪ ಇಳಿಜಾರಿನಲ್ಲಿ ಗುಂಡುಗುಡ್ಡಗಳನ್ನು ಬಳಸಿ ಹೋಗುತ್ತದೆ. ಆದಕಾರಣ ಅದರ ಏರಿಯ ಮೇಲಿನ ಕಾಲುದಾರಿ, ಏರಿಳಿತಗಳೇ ಪ್ರಧಾನವಾದ ಈ ಶಿಲಾಮಯ ಪ್ರದೇಶದಲ್ಲಿ, ಸಮತಟ್ಟಾಗಿಯೂ ಬಾಳೆತೋಟಗಳ ನೆರಳಿನಿಂದ ತಂಪಾಗಿಯೂ ಇದೆ. ಬಾಳೆಗೊನೆ ಹೊತ್ತವರು, ಬಟ್ಟೆ ಒಗೆಯುವವರು, ಎಮ್ಮೆ ಮೀಯಿಸುವವರು ಇಲ್ಲಿ ದಿನವೂ ನಡೆದಾಡುತ್ತಾರೆ. ಸ್ಮಾರಕಗಳ ಪಟ್ಟಿ ಹಿಡಿದು ಧಾವಿಸುವವರು ಮಾತ್ರ ಕಾಲುವೆಯನ್ನು ದಿನಕ್ಕೆ ನಾಲ್ಕು ಬಾರಿ ದಾಟಿಯೂ ಅದನ್ನು ಕಾಣರು.

ಮಧ್ಯಾಹ್ನವನ್ನು ದರೋಜಿಗೆ ಮೀಸಲಿಡಬೇಕು. ಕರಡಿಗಳಿಗಾಗಿ 1994ರಲ್ಲಿ ಘೋಷಿತವಾದ ಆ ಧಾಮದಲ್ಲಿ ಸಿಬ್ಬಂದಿ ಬಂಡೆಗಳಿಗೆ ಸಿಹಿ ಸವರಿ ಹೋದ ಮೇಲೆ, ಎದುರಿನ ಗೋಪುರದಿಂದ ಮೌನವಾಗಿ ಕಾಯುವುದಷ್ಟೇ ಕೆಲಸ. ಕಾಯುವಾಗ ಹಳದಿ ಗಂಟಲಿನ ಪಿಕಳಾರ ಕಂಡರೆ ಅದು ಲಾಭ. ಹೊಳೆಯಲ್ಲಿಯೋ, ಅಣೆಕಟ್ಟಿನ ಕೆಳಗಣ ಮುದ್ಲಾಪುರದಿಂದ ಕಂಪ್ಲಿಯ ಸೇತುವೆಯವರೆಗಿನ 34 ಕಿಲೋಮೀಟರು 2015ರಿಂದ ನೀರುನಾಯಿಗಳಿಗೆ ಮೀಸಲು.

ಈ ಎಲ್ಲ ವಿಹಾರಗಳ ಪಂಚಾಂಗ ಕೊನೆಗೆ ಹೊಸಪೇಟೆಯಲ್ಲಿದೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳನ್ನು ಮಳೆಗಾಲದಲ್ಲಿ ಎತ್ತಿದರೆ ಹಂಪಿಯ ಹೊಳೆದಂಡೆಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿಯ ಸೇತುವೆ ಮುಚ್ಚುತ್ತದೆ, ಹರಿಗೋಲುಗಳನ್ನು ದಡದ ಮೇಲಕ್ಕೆ ಎಳೆದು ಮಗುಚುತ್ತಾರೆ. ಆನೆಗೊಂದಿಯಲ್ಲಿ ಬಿಡಾರ ಮಾಡಿ ಆಚೆ ದಡಕ್ಕೆ ಹೋದವನು ಅಂಥ ದಿನ ಬುಕ್ಕಸಾಗರವನ್ನು ಬಳಸಿಕೊಂಡು, ದೀಪ ಹಚ್ಚಿದ ಮೇಲೆ, ಊರು ಸೇರುತ್ತಾನೆ.